ಬಾಂಡ್ ಕಾರು ಎಲ್ಲಿ ಹೋಯಿತು? ಕಾಲು ಶತಮಾನ ಮೀರಿದ ಹುಡುಕಾಟ

ಅದು 1997ರ ಜೂನ್ ತಿಂಗಳು. ಅಮೆರಿಕದ ಫ್ಲೋರಿಡಾ ರಾಜ್ಯದ ಬೊಕಾ ರಾಟನ್ ವಿಮಾನ ನಿಲ್ದಾಣದ ಖಾಸಗಿ ಹ್ಯಾಂಗರ್ ಒಂದರಲ್ಲಿ ಬೆಳ್ಳಿಯ ಬಣ್ಣದ ಹಳೆಯ ಕಾರೊಂದು ನಿಂತಿತ್ತು. ಬೆಳಗಾಗುವಷ್ಟರಲ್ಲಿ ಅದು ಅಲ್ಲಿರಲಿಲ್ಲ. ಬಾಗಿಲ ಬೀಗ ಮುರಿದಿತ್ತು, ಎಚ್ಚರಿಕೆ ಗಂಟೆಯ ತಂತಿ ತುಂಡಾಗಿತ್ತು. ನೆಲದ ಮೇಲೆ ಉಳಿದಿದ್ದು ಟೈರುಗಳ ಕಪ್ಪು ಗೀರುಗಳು ಮಾತ್ರ. ಆ ಗೀರುಗಳನ್ನು ನೋಡಿದ ತನಿಖಾಧಿಕಾರಿಗಳಿಗೆ ಒಂದು ಸಂಗತಿ ಸ್ಪಷ್ಟವಾಯಿತು. ಕಳ್ಳರು ಕಾರನ್ನು ಚಾಲೂ ಮಾಡಿ ಓಡಿಸಿಕೊಂಡು ಹೋಗಿರಲಿಲ್ಲ. ಉರುಳದ ಚಕ್ರಗಳ ಸಮೇತ ಎಳೆದುಕೊಂಡು ಹೋಗಿದ್ದರು.

ಕಳುವಾದ ಕಾರು ಆಸ್ಟನ್ ಮಾರ್ಟಿನ್ ಡಿಬಿ5. ಅದೂ ಎಂಥ ಡಿಬಿ5! 1964ರಲ್ಲಿ ತೆರೆಕಂಡ ‘ಗೋಲ್ಡ್‌ಫಿಂಗರ್’ ಚಿತ್ರದಲ್ಲಿ ಜೇಮ್ಸ್ ಬಾಂಡ್ ಪಾತ್ರಧಾರಿ ಶಾನ್ ಕಾನರಿ ಬಳಸಿದ ಕಾರು. ಬಾಂಡ್ ಚಿತ್ರಗಳನ್ನು ಕಂಡವರಿಗೆ ಇದನ್ನು ಬೇರೆಯಾಗಿ ಪರಿಚಯಿಸಬೇಕಾಗಿಲ್ಲ. ಮುಂದಿನ ದೀಪಗಳ ಹಿಂದೆ ಅಡಗಿದ ಮಷಿನ್ ಗನ್‌ಗಳು, ಹಿಂಬಾಲಿಸುವವರ ಕಣ್ಣು ಕಟ್ಟುವ ಹೊಗೆ, ರಸ್ತೆಗೆ ಸುರಿಯುವ ಎಣ್ಣೆ, ಹಿಂಬದಿಯಲ್ಲಿ ಮೇಲೇಳುವ ಗುಂಡು ನಿರೋಧಕ ತಗಡು, ಬೇಡದ ಅತಿಥಿಯನ್ನು ಚಾವಣಿಯ ಮೂಲಕ ಹೊರಕ್ಕೆಸೆಯುವ ಆಸನ, ಇವೆಲ್ಲ ಆ ಕಾರಿನ ವೈಭವಗಳು. ಜೊತೆಗೆ ಮೂರು ದೇಶಗಳ ನೋಂದಣಿ ಸಂಖ್ಯೆಗಳನ್ನು ಒಂದಾದ ಮೇಲೊಂದು ತೋರಿಸುವ, ಗುಂಡಿ ಒತ್ತಿದರೆ ತಿರುಗುವ ನಂಬರ್ ಪ್ಲೇಟ್.

ತಿರುಗುವ ನಂಬರ್ ಪ್ಲೇಟ್ ಚಿತ್ರದಲ್ಲಿ ಬಾಂಡ್‌ನನ್ನು ಪಾರು ಮಾಡಿರಬಹುದು. ಆದರೆ ಯಾವ ಗುಂಡಿ ಒತ್ತಿದರೂ ಬದಲಾಗದ ಇನ್ನೊಂದು ಸಂಖ್ಯೆ ಎಲ್ಲ ಕಾರುಗಳಲ್ಲೂ ಇರುತ್ತದೆ. ಅದು ಚಾಸಿ ಸಂಖ್ಯೆ. ಈ ಕಾರಿನದು ಡಿಪಿ/216/1. ಕಾಲು ಶತಮಾನಕ್ಕೂ ಮೀರಿ ನಡೆದಿರುವ ಹುಡುಕಾಟವೆಲ್ಲ ವಾಸ್ತವವಾಗಿ ಈ ಸಂಖ್ಯೆಯ ಹುಡುಕಾಟವೇ ಆಗಿದೆ.

ಸಾಮಾನ್ಯ ಕಾರಾಗಿ ಬಿಕರಿಯಾದ ಬಾಂಡ್ ಕಾರು

ಡಿಪಿ/216/1 ಆಸ್ಟನ್ ಮಾರ್ಟಿನ್ ಕಂಪನಿಯು ಡಿಬಿ5 ಮಾದರಿಯನ್ನು ರೂಪಿಸುವಾಗ ಪ್ರಯೋಗಕ್ಕಾಗಿ ಸಿದ್ಧಪಡಿಸಿದ ಕಾರು. ಚಿತ್ರ ತಂಡ ಕೇಳಿದಾಗ ಕಂಪನಿ ಅದನ್ನೇ ಕೊಟ್ಟಿತು. ಕಲಾ ನಿರ್ದೇಶಕ ಕೆನ್ ಆಡಮ್ ಮತ್ತು ವಿಶೇಷ ಪರಿಣಾಮಗಳ ತಜ್ಞ ಜಾನ್ ಸ್ಟಿಯರ್ಸ್ ಸೇರಿ ಅದಕ್ಕೆ ಮೇಲಿನ ಉಪಕರಣಗಳನ್ನೆಲ್ಲ ಅಳವಡಿಸಿದರು. ಕೇವಲ ಓಡಿಸುವ ದೃಶ್ಯಗಳಿಗೆ ಇನ್ನೊಂದು ಕಾರಿತ್ತು. ಚಿತ್ರದ ಯಶಸ್ಸಿನ ನಂತರ ಪ್ರಚಾರಕ್ಕೆಂದು ಮತ್ತೆರಡು ಕಾರುಗಳನ್ನು ಸಿದ್ಧಪಡಿಸಲಾಯಿತು. ಹೀಗೆ ‘ಬಾಂಡ್ ಕಾರು’ ಎನಿಸಿಕೊಳ್ಳುವ ಡಿಬಿ5ಗಳು ಆ ಕಾಲದಲ್ಲಿ ನಾಲ್ಕು ಇದ್ದವು. ಅವುಗಳಲ್ಲಿ ಮೂಲ ಉಪಕರಣಗಳಿದ್ದುದು ಕಳುವಾದ ಈ ಕಾರಿನಲ್ಲಿಯೇ.

ಇಂದಿನ ದೃಷ್ಟಿಯಿಂದ ನೋಡಿದರೆ ನಂಬಲು ಕಷ್ಟವಾಗುವ ಸಂಗತಿಯೊಂದಿದೆ. ಪ್ರಚಾರ ಮುಗಿದ ಮೇಲೆ, 1968ರಲ್ಲಿ, ಕಂಪನಿ ಈ ಕಾರಿನ ಉಪಕರಣಗಳನ್ನೆಲ್ಲ ಕಳಚಿ, ಬೇರೆ ನೋಂದಣಿ ಸಂಖ್ಯೆ ಕೊಟ್ಟು, ಸಾಮಾನ್ಯ ಹಳೆಯ ಕಾರಿನಂತೆ ಮಾರಿಬಿಟ್ಟಿತು! ಕೊಂಡವರು ಅದರ ಪೂರ್ವಾಪರ ತಿಳಿದು ಬಂದೂಕು, ಆಸನಾದಿಗಳನ್ನು ಮತ್ತೆ ಮಾಡಿಸಿ ಕೂರಿಸಿದರು. ಬಳಿಕ ಕಾರು ಅಮೆರಿಕಕ್ಕೆ ಹೋಯಿತು. 1986ರಲ್ಲಿ ನ್ಯೂಯಾರ್ಕಿನ ಸಾಥ್‌ಬಿ ಹರಾಜಿನಲ್ಲಿ ಫ್ಲೋರಿಡಾದ ಉದ್ಯಮಿಯೊಬ್ಬರು ಅದನ್ನು ಎರಡೂವರೆ ಲಕ್ಷ ಡಾಲರ್‌ಗೆ ಕೊಂಡರು. ಹನ್ನೊಂದು ವರ್ಷಗಳ ನಂತರ ಅದು ಕಣ್ಮರೆಯಾದಾಗ ವಿಮೆ ಕಂಪನಿ ತೆತ್ತ ಪರಿಹಾರ 42 ಲಕ್ಷ ಡಾಲರ್.

ಎರಡೂವರೆ ಲಕ್ಷಕ್ಕೆ ಕೊಂಡದ್ದಕ್ಕೆ 42 ಲಕ್ಷ ಪರಿಹಾರ ಎಂದರೆ ಹುಬ್ಬೇರಿಸುವವರು ಇದ್ದೇ ಇರುತ್ತಾರೆ. ಕಾರನ್ನು ಸರಕು ವಿಮಾನಕ್ಕೆ ಹೇರಿ ಕೊಂಡೊಯ್ದರು ಎಂದು ಕೆಲವರು, ಸಮುದ್ರಕ್ಕೆ ತಳ್ಳಿದರು ಎಂದು ಕೆಲವರು, ಹೀಗೆ ಕಥೆಗಳು ಬೆಳೆದವು. ಯಾವುದಕ್ಕೂ ಸಾಕ್ಷ್ಯ ದೊರೆಯಲಿಲ್ಲ. ಕಳ್ಳತನದ ಬಗ್ಗೆ ಯಾರ ಮೇಲೂ ಮೊಕದ್ದಮೆ ನಿಲ್ಲಲಿಲ್ಲ. ಆದ್ದರಿಂದ ಆ ಊಹಾಪೋಹಗಳನ್ನು ಅಲ್ಲಿಗೇ ಬಿಡುವುದು ನ್ಯಾಯ.

ಕದಿಯುವುದು ಸುಲಭ, ಮಾರುವುದು ಕಷ್ಟ

ಸಾಮಾನ್ಯ ಕಾರು ಕಳುವಾದರೆ ಅದರ ಹಣೆಬರಹ ನಮಗೆಲ್ಲ ಗೊತ್ತು. ಒಂದೆರಡು ದಿನಗಳಲ್ಲಿ ಅದು ಗುಜರಿ ಅಂಗಡಿಯಲ್ಲಿ ಬಿಡಿಭಾಗಗಳಾಗಿ ಹಂಚಿಹೋಗುತ್ತದೆ. ಇಲ್ಲವೇ ಸಂಖ್ಯೆ ಉಜ್ಜಿಸಿಕೊಂಡು, ಬಣ್ಣ ಬದಲಿಸಿಕೊಂಡು ಬೇರೆ ಊರಿನಲ್ಲಿ ಓಡಾಡುತ್ತದೆ. ಕ್ಲಾಸಿಕ್ ಕಾರಿನ ವಿಷಯದಲ್ಲಿ ಈ ಎರಡೂ ದಾರಿಗಳು ಪ್ರಯೋಜನಕ್ಕೆ ಬಾರವು. ಅದರ ಬೆಲೆ ಇರುವುದು ತಗಡು, ಎಂಜಿನ್‌ಗಳಲ್ಲಿ ಅಲ್ಲ. ಅದು ಯಾವ ಕಾರು ಎಂಬ ಚರಿತ್ರೆಯಲ್ಲಿ. ಯಾವ ದಿನ ಕಾರ್ಖಾನೆಯಿಂದ ಹೊರಬಂತು, ಯಾರ್‍ಯಾರ ಕೈ ದಾಟಿತು, ಚಾಸಿ, ಎಂಜಿನ್‌ಗಳ ಮೇಲಿನ ಸಂಖ್ಯೆಗಳು ಕಾರ್ಖಾನೆಯ ದಾಖಲೆಯೊಂದಿಗೆ ತಾಳೆಯಾಗುತ್ತವೆಯೇ, ಇವನ್ನೆಲ್ಲ ಪರೀಕ್ಷಿಸಿದ ಮೇಲೆಯೇ ಕೊಳ್ಳುವವನು ಲಕ್ಷಾಂತರ ಡಾಲರ್ ಎಣಿಸುತ್ತಾನೆ.

ಕಳ್ಳನ ಇಕ್ಕಟ್ಟು ಇಲ್ಲಿಯೇ ಇದೆ. ಡಿಪಿ/216/1 ಎಂಬ ಸಂಖ್ಯೆಯನ್ನು ಉಜ್ಜಿ ಅಳಿಸಿದರೆ ಉಳಿಯುವುದು ಯಾವುದೋ ಒಂದು ಡಿಬಿ5, ಅದೂ ಅನುಮಾನಾಸ್ಪದವಾದದ್ದು. ಉಳಿಸಿಕೊಂಡರೆ ಆ ಸಂಖ್ಯೆಯೇ ಅವನನ್ನು ಹಿಡಿದುಕೊಡುತ್ತದೆ. ಹೀಗಾಗಿ ಇಂಥ ಕಾರುಗಳು ಒಂದೋ ಯಾರದೋ ಖಾಸಗಿ ಸಂಗ್ರಹದಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತವೆ, ಇಲ್ಲವೇ ಜನ ಮರೆಯುವವರೆಗೆ ಕಾದು, ಖೋಟಾ ಕಾಗದಪತ್ರಗಳೊಂದಿಗೆ ದೂರದ ದೇಶದಲ್ಲಿ ತಲೆ ಎತ್ತುತ್ತವೆ. ಹಾಗೆ ತಲೆ ಎತ್ತಿದ ಬಳಿಕ ಯಾವನೋ ಪ್ರಾಮಾಣಿಕ ಖರೀದಿದಾರ ನೋಂದಣಿ ಕಚೇರಿಗೆ ಅರ್ಜಿ ಹಾಕಿದ ಕ್ಷಣದಲ್ಲಿ ಸಿಕ್ಕಿಬೀಳುತ್ತವೆ. ಪತ್ತೇದಾರಿ ಕಾದಂಬರಿಗಳಲ್ಲಿ ಬರುವಂತಹ ಬೆನ್ನಟ್ಟುವಿಕೆ ಇಲ್ಲಿ ಅಪರೂಪ. ಕಾರುಗಳನ್ನು ಮರಳಿ ತಂದಿರುವುದು ಬಹುಪಾಲು ಗುಮಾಸ್ತಿಕೆಯೇ.

ಇದಕ್ಕೆ ಇತ್ತೀಚಿನ ಉದಾಹರಣೆ ಫೆರಾರಿಯದು. 1995ರ ಏಪ್ರಿಲ್‌ನಲ್ಲಿ ಇಟಲಿಯ ಇಮೋಲಾದಲ್ಲಿ ಸ್ಯಾನ್ ಮರಿನೋ ಗ್ರ್ಯಾನ್ ಪ್ರಿ ನಡೆಯುತ್ತಿದ್ದಾಗ ಫಾರ್ಮುಲಾ ಒನ್ ಚಾಲಕರಾದ ಗೆರ್ಹಾರ್ಡ್ ಬರ್ಗರ್ ಮತ್ತು ಜಾನ್ ಅಲೇಸಿ ಅವರ ಎರಡು ಫೆರಾರಿಗಳು ಕಳುವಾದವು. ಬರ್ಗರ್ ಅವರ ಕೆಂಪು ಎಫ್512ಎಂ ಕಳುವಾದ ಸ್ವಲ್ಪ ಸಮಯದಲ್ಲೇ ಜಪಾನಿಗೆ ಸಾಗಿಸಲ್ಪಟ್ಟು, 2023ರ ಕೊನೆಯಲ್ಲಿ ಬ್ರಿಟನ್ನಿಗೆ ಬಂದಿತ್ತು. ಅದನ್ನು ಅಮೆರಿಕದ ಗ್ರಾಹಕರೊಬ್ಬರು ಬ್ರಿಟಿಷ್ ಮಧ್ಯವರ್ತಿಯ ಮೂಲಕ ಕೊಳ್ಳಲು ಹೊರಟಾಗ ಫೆರಾರಿ ಕಂಪನಿ ಸಂಖ್ಯೆಯನ್ನು ಪರಿಶೀಲಿಸಿತು. 2024ರ ಜನವರಿಯಲ್ಲಿ ದೂರು ಹೋಯಿತು. ಇಪ್ಪತ್ತೆಂಟು ವರ್ಷ ಸಿಗದ ಕಾರಿನ ಜಾಡನ್ನು ಲಂಡನ್ ಪೊಲೀಸರು ಬಿಡಿಸಿದ್ದು ನಾಲ್ಕು ದಿನಗಳಲ್ಲಿ! ಅದರ ಮೌಲ್ಯ ಸುಮಾರು ಮೂರೂವರೆ ಲಕ್ಷ ಪೌಂಡ್. ಪೊಲೀಸರು ಇದನ್ನು ಪ್ರಕಟಿಸಿದಾಗ ಅಲೇಸಿ ಅವರ ಕಾರು ಇನ್ನೂ ಸಿಕ್ಕಿರಲಿಲ್ಲ.

ಗುಮಾಸ್ತಿಕೆ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೂ ಒಂದು ನಿದರ್ಶನವಿದೆ. 1970ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಯುವಕನೊಬ್ಬನ ಆಸ್ಟಿನ್-ಹೀಲಿ 3000 ಕಾರು ಕಳುವಾಯಿತು. ಬೆಲೆಯಲ್ಲಿ ಅದು ಬಾಂಡ್ ಕಾರಿನ ಹತ್ತಿರಕ್ಕೂ ಬಾರದು. ಆದರೆ ಪ್ರೀತಿಯ ಕಾರು. ಆತ ಕಾರಿನ ಕಾಗದಪತ್ರ ಮತ್ತು ಕೀಲಿಕೈಯನ್ನು ಜೋಪಾನವಾಗಿ ಇಟ್ಟುಕೊಂಡ. 42 ವರ್ಷಗಳ ನಂತರ, 2012ರಲ್ಲಿ, ಇಬೇ ಜಾಲತಾಣದಲ್ಲಿ ಲಾಸ್ ಏಂಜಲೀಸ್‌ನ ವ್ಯಾಪಾರಿಯೊಬ್ಬ ಮಾರಾಟಕ್ಕಿಟ್ಟಿದ್ದ ಕಾರಿನ ಚಾಸಿ ಸಂಖ್ಯೆ ತನ್ನ ಬಳಿಯಿದ್ದ ಕಾಗದದೊಂದಿಗೆ ಅಕ್ಷರಶಃ ಹೊಂದಿಕೆಯಾಗುವುದನ್ನು ಕಂಡ. ಪೊಲೀಸರ ಬಳಿ ಹೋದರೆ ಕಳುವಾದ ವಾಹನಗಳ ಪಟ್ಟಿಯಲ್ಲಿ ಆ ಕಾರೇ ಇಲ್ಲ! ಹುಡುಕಿ ನೋಡಿದಾಗ ತಿಳಿದದ್ದು, ದೂರು ದಾಖಲಿಸುವಾಗ ಸಂಖ್ಯೆಯನ್ನು ತಪ್ಪಾಗಿ ನಮೂದಿಸಲಾಗಿತ್ತು. ಬರವಣಿಗೆಯ ಒಂದು ತಪ್ಪು ನಾಲ್ಕು ದಶಕ ಕಾರನ್ನು ಮರೆಮಾಡಿತ್ತು. ಹಳೆಯ ಕಾಗದಪತ್ರ ಕೈಯಲ್ಲಿದ್ದುದರಿಂದ ದಾಖಲೆ ತಿದ್ದುಪಡಿಯಾಗಿ, ಅಷ್ಟರಲ್ಲಿ ವಯಸ್ಸಾಗಿದ್ದ ಮಾಲೀಕನಿಗೆ ಕಾರು ಮರಳಿ ದೊರೆಯಿತು. ಮನೆಯ ಕಪಾಟಿನಲ್ಲಿ ಹಳೆಯ ಕಾಗದ ಪೇರಿಸಿಡುವವರನ್ನು ಗೇಲಿ ಮಾಡುವ ಮೊದಲು ಇದನ್ನು ನೆನೆಯಬಹುದು.

ಸಿಕ್ಕ ಮೇಲೆ ಕಾರು ಯಾರದು?

ಕಾರು ಸಿಕ್ಕಿಬಿಟ್ಟರೆ ಕಥೆ ಮುಗಿಯಿತು ಎಂದುಕೊಂಡರೆ ಅದು ತಪ್ಪು. ನಿಜವಾದ ಜಗಳ ಅನೇಕ ಬಾರಿ ಆರಂಭವಾಗುವುದೇ ಅಲ್ಲಿಂದ. ಕಾರು ಈಗ ಯಾರ ಬಳಿ ಇದೆಯೋ ಆತ ಕಳ್ಳನಲ್ಲ. ಹಣ ಕೊಟ್ಟು ಕೊಂಡವನು, ದುರಸ್ತಿಗೆ ಮತ್ತಷ್ಟು ಸುರಿದವನು. ಕಳೆದುಕೊಂಡವನೂ ತಪ್ಪು ಮಾಡಿಲ್ಲ. ಇಬ್ಬರು ನಿರಪರಾಧಿಗಳಲ್ಲಿ ನಷ್ಟ ಯಾರ ತಲೆಗೆ?

ಈ ಪ್ರಶ್ನೆಯನ್ನು ಬಹಳ ಸ್ಪಷ್ಟವಾಗಿ ಮುಂದಿಟ್ಟದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಂದು ಮೊಕದ್ದಮೆ. ವಿವಾದದ ವಸ್ತು 1938ರ ಟಾಲ್ಬೋ-ಲಾಗೋ ಟಿ150-ಸಿ ಎಸ್‌ಎಸ್. ಪ್ಯಾರಿಸ್ಸಿನ ಫಿಗೋನಿ ಎ ಫಲಾಸ್ಕಿ ಸಂಸ್ಥೆ ಹೊದಿಸಿದ ಕವಚ ನೀರಿನ ಹನಿಯಂತೆ ಮುಂದೆ ದುಂಡಗೆ, ಹಿಂದೆ ಚೂಪಾಗಿರುವುದರಿಂದ ಇದನ್ನು ಫ್ರೆಂಚರು ‘ನೀರ ಹನಿ’ ಎಂದೇ ಕರೆಯುತ್ತಾರೆ. ಜಗತ್ತಿನ ಅತ್ಯಂತ ಸುಂದರ ಕಾರುಗಳ ಪಟ್ಟಿ ಮಾಡುವವರು ಇದನ್ನು ಬಿಡುವುದಿಲ್ಲ. ಇಂಥದೊಂದು ಕಾರನ್ನು, ಚಾಸಿ ಸಂಖ್ಯೆ 90108, ಮಿಲ್ವಾಕಿ ನಗರದ ಉದ್ಯಮಿಯೊಬ್ಬರು 1967ರಲ್ಲಿ ಕೊಂಡಿದ್ದರು. ದುರಸ್ತಿ ಮಾಡುವ ಆಸೆಯಿಂದ ಬಿಡಿಬಿಡಿಯಾಗಿ ಕಳಚಿ ತಮ್ಮ ಕಾರ್ಖಾನೆಯಲ್ಲಿಟ್ಟಿದ್ದರು. ದಶಕಗಳು ಉರುಳಿದರೂ ಜೋಡಿಸುವ ಮುಹೂರ್ತ ಕೂಡಿಬರಲಿಲ್ಲ.

2001ರ ಮಾರ್ಚ್‌ನಲ್ಲಿ ಕಳ್ಳರು ಬಂದು ದೂರವಾಣಿ ತಂತಿ ಕತ್ತರಿಸಿ, ಕಾರಿನ ಭಾಗಗಳನ್ನೆಲ್ಲ ಟ್ರಕ್ಕಿಗೆ ತುಂಬಿಕೊಂಡು ಹೋದರು. ಕಾರಿಗೆ ಸಂಬಂಧಿಸಿದ ದಾಖಲೆಗಳನ್ನೂ ಬಿಡಲಿಲ್ಲ. ಕಾರಿಗಿಂತ ಕಾಗದ ಮುಖ್ಯ ಎಂದು ಬಲ್ಲವರ ಕೆಲಸವದು ಎಂಬುದು ಇಷ್ಟರಿಂದಲೇ ತಿಳಿಯುತ್ತದೆ. ಮಾಲೀಕರು ಹುಡುಕುತ್ತಲೇ 2005ರಲ್ಲಿ ತೀರಿಕೊಂಡರು. ಅವರ ಹಕ್ಕು ಸಂಬಂಧಿಕರೊಬ್ಬರಿಗೆ ಬಂತು. ಹತ್ತು ವರ್ಷಗಳ ನಂತರ, 2015ರಲ್ಲಿ, ಅಂದವಾಗಿ ಪುನರ್ನಿರ್ಮಾಣಗೊಂಡಿದ್ದ ಆ ಕಾರನ್ನು ಯುರೋಪಿನಿಂದ ಅಮೆರಿಕದ ಸಂಗ್ರಾಹಕರೊಬ್ಬರ ಕಂಪನಿ 70 ಲಕ್ಷ ಡಾಲರ್‌ಗಳಿಗೂ ಹೆಚ್ಚು ಬೆಲೆಗೆ ಕೊಂಡಿತು. 2016ರಲ್ಲಿ ಇಲಿನಾಯ್ ರಾಜ್ಯದಲ್ಲಿ ನೋಂದಣಿಗೆ ಅರ್ಜಿ ಹಾಕಿದಾಗ ಕಳುವಾದ ವಾಹನಗಳ ಪಟ್ಟಿಯಲ್ಲಿ ಸಂಖ್ಯೆ ಹೊಂದಿಕೆಯಾಯಿತು. ಮತ್ತೆ ಅದೇ ಗುಮಾಸ್ತಿಕೆ!

ವಾರಸುದಾರರು ಕಾರು ಕೊಡಿ ಎಂದರು. ಕಂಪನಿ ಕೊಡಲಿಲ್ಲ. 2017ರಲ್ಲಿ ದಾವೆ ಹೂಡಿದಾಗ ಕಂಪನಿಯ ವಾದ ಸರಳವಾಗಿತ್ತು. ವಿಸ್ಕಾನ್ಸಿನ್ ಕಾನೂನಿನಂತೆ ಕಳೆದುಕೊಂಡ ಚರವಸ್ತುವನ್ನು ಮರಳಿ ಪಡೆಯಲು ಆರು ವರ್ಷಗಳೊಳಗೆ ದಾವೆ ಹೂಡಬೇಕು. ಕಾರು ಕಳುವಾದದ್ದು 2001ರಲ್ಲಿ. ಎಂದರೆ ಗಡುವು 2007ಕ್ಕೇ ಮುಗಿಯಿತು. ಕೆಳ ನ್ಯಾಯಾಲಯ ಇದನ್ನು ಒಪ್ಪಿ ದಾವೆಯನ್ನು ವಜಾ ಮಾಡಿತು. ಈ ತರ್ಕದ ವಿಚಿತ್ರವನ್ನು ಓದುಗರು ಗಮನಿಸಬೇಕು. ಕಾರು ಎಲ್ಲಿದೆ, ಯಾರ ಬಳಿ ಇದೆ ಎಂದೇ ತಿಳಿಯದ 2007ರೊಳಗೆ ಆ ಮಾಲೀಕರು ಯಾರ ಮೇಲೆ ದಾವೆ ಹೂಡಬೇಕಿತ್ತು? ಆರು ವರ್ಷ ಬಚ್ಚಿಡಬಲ್ಲ ಕಳ್ಳನಿಗೆ ಇದೊಂದು ಬಹುಮಾನವೇ ಸರಿ.

ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಆ ತೀರ್ಪನ್ನು ತಿರುವಿಹಾಕಿತು. 2020ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನ್ಯಾಯಾಲಯದ ಆಲೋಚನೆ ಹೀಗಿತ್ತು: ಕದ್ದೊಯ್ಯುವುದು ಒಂದು ತಪ್ಪು, ಅನಂತರ ಬೇರೊಬ್ಬ ಅದನ್ನು ಅಕ್ರಮವಾಗಿ ತನ್ನ ವಶದಲ್ಲಿ ಇರಿಸಿಕೊಳ್ಳುವುದು ಪ್ರತ್ಯೇಕವಾದ ಇನ್ನೊಂದು ತಪ್ಪು. ಎರಡನೆಯದಕ್ಕೆ ಗಡಿಯಾರ ಹೊಸದಾಗಿ ಓಡತೊಡಗುತ್ತದೆ. ಕಾರು ಯಾರದು ಎಂಬುದನ್ನು ಈ ತೀರ್ಪು ನಿರ್ಣಯಿಸಲಿಲ್ಲ. ದಾವೆಯನ್ನು ಕೇಳಲೇಬೇಕು ಎಂದಿತು. ಹಳೆಯ ಕಳವುಗಳ ಬೆನ್ನು ಹತ್ತಿರುವವರಿಗೆ ಅಷ್ಟೇ ದೊಡ್ಡ ಆಸರೆಯಾಯಿತು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಮಾಲೀಕನ ಕಷ್ಟವನ್ನು ಮೊದಲೇ ಊಹಿಸಿದೆ ಎಂಬುದನ್ನು ಇಲ್ಲಿ ಹೇಳಬೇಕು. 1963ರ ಕಾಲಮಿತಿ ಅಧಿನಿಯಮದ ಅನುಸೂಚಿಯ 68ನೇ ಬಾಬಿನಂತೆ ಕಳುವಾದ ಚರವಸ್ತುವಿಗೆ ದಾವೆ ಹೂಡಲು ಮೂರು ವರ್ಷ ಮಾತ್ರ. ಆದರೆ ಆ ಮೂರು ವರ್ಷ ಎಣಿಕೆಯಾಗುವುದು ವಸ್ತು ಯಾರ ವಶದಲ್ಲಿದೆ ಎಂದು ಮಾಲೀಕನಿಗೆ ಮೊದಲು ತಿಳಿದ ದಿನದಿಂದ. ಇನ್ನು ಮಾರುವವನಿಗೇ ಇಲ್ಲದ ಒಡೆತನ ಕೊಳ್ಳುವವನಿಗೆ ಬರಲಾರದು ಎಂಬುದು 1930ರ ಸರಕುಗಳ ಮಾರಾಟ ಅಧಿನಿಯಮದ ಸಾಮಾನ್ಯ ನಿಯಮ.

ಎಲ್ಲ ದೇಶಗಳೂ ಹೀಗೆ ಯೋಚಿಸುವುದಿಲ್ಲ. ಸ್ವಿಟ್ಜರ್ಲೆಂಡ್‌ನ ನಾಗರಿಕ ಸಂಹಿತೆಯಂತೆ, ಕದ್ದ ಸಾಮಾನ್ಯ ಚರವಸ್ತುವನ್ನು ಒಬ್ಬ ಸದ್ಭಾವನೆಯಿಂದ ಕೊಂಡಿದ್ದರೆ, ಅದನ್ನು ಮರಳಿ ಕೇಳಲು ಮೂಲ ಮಾಲೀಕನಿಗಿರುವ ಅವಧಿ ಐದು ವರ್ಷ. ಅಲ್ಲಿನವರ ಆದ್ಯತೆ ವ್ಯಾಪಾರದ ಭದ್ರತೆ. ಕದ್ದ ಮಾಲು ಗಡಿಗಳನ್ನು ದಾಟುವುದೇಕೆ ಎಂಬುದಕ್ಕೆ ಕಾನೂನುಗಳ ಈ ವ್ಯತ್ಯಾಸವೂ ಒಂದು ಕಾರಣ. ಆದರೆ ದಾಟಿದ ಗಡಿಯನ್ನು ತಿರುಗಿ ದಾಟಿದರೆ ಅದೇ ಮುಳುವಾಗಬಹುದು. 1945ರಲ್ಲಿ ಜರ್ಮನಿಯ ಉದ್ಯಮಿ ಹಾನ್ಸ್ ಪ್ರಿಮ್ ಅವರ ಮರ್ಸಿಡಿಸ್ 500ಕೆ ಕಾರು ಅಮೆರಿಕದ ಸೈನಿಕರ ಪಾಲಾಗಿ ಸಾಗರ ದಾಟಿತ್ತು. 2011ರಲ್ಲಿ ಕ್ಯಾಲಿಫೋರ್ನಿಯಾದ ಹರಾಜಿನಲ್ಲಿ ಅದನ್ನು 37 ಲಕ್ಷ ಡಾಲರ್‌ಗಳಿಗೂ ಮಿಗಿಲಾದ ಬೆಲೆಗೆ ಕೊಂಡ ಯುರೋಪಿನ ಸಂಗ್ರಾಹಕರು ಮರುವರ್ಷ ಜರ್ಮನಿಯ ಎಸೆನ್ ನಗರದ ಕಾರು ಪ್ರದರ್ಶನಕ್ಕೆ ತಂದರು. ಅಲ್ಲಿಯೇ ಅದು ಜಪ್ತಿಯಾಯಿತು. ಕಳೆದುಹೋಗಿ ಆರು ದಶಕ ಮೀರಿದ್ದರೂ ಜರ್ಮನ್ ನ್ಯಾಯಾಲಯ ಪ್ರಿಮ್ ವಾರಸುದಾರರ ಪರವಾಗಿ ನಿಂತಿತು.

ಮಧ್ಯಪ್ರಾಚ್ಯದ ಸುಳಿವು

ಮತ್ತೆ ಡಿಪಿ/216/1ಕ್ಕೆ ಬರೋಣ. ಬೊಕಾ ರಾಟನ್‌ನ ಪೊಲೀಸ್ ಕಡತ ಧೂಳು ಹಿಡಿದ ಮೇಲೂ ಹುಡುಕಾಟ ನಿಲ್ಲದಿರಲು ಕಾರಣ ಕಾರಿನ ಏರುತ್ತಿರುವ ಬೆಲೆ. ಇದರ ಜೊತೆಗಾರನಾದ, ಓಡಿಸುವ ದೃಶ್ಯಗಳ ಕಾರು 2010ರಲ್ಲಿ ಲಂಡನ್ನಿನಲ್ಲಿ ಸುಮಾರು 26 ಲಕ್ಷ ಪೌಂಡ್‌ಗೆ ಮಾರಾಟವಾಯಿತು. ಚಿತ್ರದಲ್ಲಿ ಕಾಣಿಸಿಕೊಳ್ಳದ, ಕೇವಲ ಪ್ರಚಾರಕ್ಕೆ ಬಳಸಿದ ಕಾರೊಂದು 2019ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತಂದುಕೊಟ್ಟದ್ದು ಸುಮಾರು 64 ಲಕ್ಷ ಡಾಲರ್. ಹಾಗಾದರೆ ಮೂಲ ಕಾರಿಗೆ ಎಷ್ಟು ಎಂಬ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಬಹುದು.

ಹುಡುಕುವ ಹೊಣೆ ಹೊತ್ತವರು ಆರ್ಟ್ ರಿಕವರಿ ಇಂಟರ್‌ನ್ಯಾಷನಲ್ ಸಂಸ್ಥೆಯ ವಕೀಲ ಕ್ರಿಸ್ಟೋಫರ್ ಮರಿನೆಲ್ಲೋ. ಕಳುವಾದ ವರ್ಣಚಿತ್ರಗಳನ್ನು ಮರಳಿ ದೊರಕಿಸುವುದು ಅವರ ವೃತ್ತಿ. ಚಿತ್ರಕ್ಕೂ ಕಾರಿಗೂ ಏನು ಸಂಬಂಧ ಎನಿಸಬಹುದು. ಎರಡೂ ಒಂದೇ ಬಗೆಯ ಸೊತ್ತು; ಜಗತ್ತಿಗೆಲ್ಲ ಗುರುತಿರುವುದರಿಂದಲೇ ಬಹಿರಂಗವಾಗಿ ಮಾರಲಾಗದ್ದು. ಅವರ ಹಾದಿಯೂ ದಾಳಿ, ಜಪ್ತಿಗಳದ್ದಲ್ಲ. ಮಾಹಿತಿ ಕೊಟ್ಟವರಿಗೆ ಬಹುಮಾನ ಘೋಷಿಸುವುದು, ಸಂಗ್ರಾಹಕರ ವಲಯದಲ್ಲಿ ಕಿವಿ ತೆರೆದಿಡುವುದು, ವಸ್ತು ಯಾರ ಬಳಿ ಇದೆ ಎಂದು ತಿಳಿದರೆ ಮಾತುಕತೆಗೆ ಕರೆಯುವುದು.

2021ರಲ್ಲಿ ಈ ಹಾದಿ ಫಲ ಕೊಡುವಂತೆ ಕಂಡಿತು. ಕಾರು ಮಧ್ಯಪ್ರಾಚ್ಯದ ಖಾಸಗಿ ಸಂಗ್ರಹವೊಂದರಲ್ಲಿದೆ, ಕಣ್ಣಾರೆ ಕಂಡ ವ್ಯಕ್ತಿಯೊಬ್ಬರು ಚಾಸಿ ಸಂಖ್ಯೆಯನ್ನೂ ಓದಿ ಖಚಿತಪಡಿಸಿದ್ದಾರೆ ಎಂಬ ಸುದ್ದಿ ಬ್ರಿಟಿಷ್ ಪತ್ರಿಕೆಗಳಲ್ಲಿ ಪ್ರಕಟವಾಯಿತು. ದುಬೈ, ಕುವೈತ್, ಸೌದಿ ಅರೇಬಿಯಾ, ಬಹರೇನ್‌ಗಳ ಹೆಸರು ಕೇಳಿಬಂದವು. ಈಗ ಕಾರನ್ನು ಇಟ್ಟುಕೊಂಡಿರುವವರಿಗೆ ಅದನ್ನು ಪಡೆದಾಗ ಕಳವಿನ ಮಾಲು ಎಂದು ತಿಳಿದಿರಲಿಕ್ಕಿಲ್ಲ, ಆದ್ದರಿಂದ ತಾವಾಗಿಯೇ ಮುಂದೆ ಬರಲಿ ಎಂಬ ನಿಲುವನ್ನು ಮರಿನೆಲ್ಲೋ ತಳೆದರು. 2022ರಲ್ಲಿ ಈ ಕಳವಿನ ಕಥೆಯನ್ನೇ ಧ್ವನಿ ಸರಣಿಯಾಗಿ ಪ್ರಸಾರ ಮಾಡಲಾಯಿತು. ನಿರೂಪಕಿ ನಟಿ ಎಲಿಜಬೆತ್ ಹರ್ಲಿ. ಸುದ್ದಿ ಹರಡಿದಷ್ಟೂ ಕಾರನ್ನು ಗುಟ್ಟಾಗಿ ಕೈ ಬದಲಿಸುವುದು ಕಷ್ಟ ಎಂಬ ಲೆಕ್ಕಾಚಾರವೂ ಇಂಥ ಪ್ರಚಾರದ ಹಿಂದೆ ಇರುತ್ತದೆ.

ಒಂದು ವೇಳೆ ಕಾರು ನಾಳೆ ಸಿಕ್ಕರೆ ಅದು ಫ್ಲೋರಿಡಾದ ಆ ಉದ್ಯಮಿಯ ಹ್ಯಾಂಗರಿಗೆ ಮರಳುವುದಿಲ್ಲ. ಪೂರ್ಣ ಪರಿಹಾರ ತೆತ್ತಾಗ ಕಳುವಾದ ವಸ್ತುವಿನ ಮೇಲಿನ ಹಕ್ಕು ವಿಮೆ ಕಂಪನಿಗೆ ಹೋಗುವುದು ವಿಮೆಯ ನಿಯಮ. 42 ಲಕ್ಷ ಡಾಲರ್ ಕೊಟ್ಟಾಗ ನಷ್ಟದ ಬಾಬೆಂದು ಬರೆದಿಟ್ಟ ಆ ಕಂತು ಈಗ ಅದಕ್ಕಿಂತ ಎಷ್ಟೋ ಪಟ್ಟು ಬೆಲೆಬಾಳುವ ಆಸ್ತಿಯಾಗಿದೆ. ಎಂಜಿನ್ ಚಾಲೂ ಆಗದಿದ್ದರೂ ಚಿಂತೆಯಿಲ್ಲ, ಚಾವಣಿಯಿಂದ ಹಾರಿಸುವ ಆಸನ ಕೆಟ್ಟಿದ್ದರೂ ಚಿಂತೆಯಿಲ್ಲ. ಪರೀಕ್ಷೆಗೆ ಹೋಗುವ ತಜ್ಞರು ಬಾನೆಟ್ ಎತ್ತಿ ಮೊದಲು ನೋಡುವುದು ಚೌಕಟ್ಟಿನ ಮೇಲೆ ಒತ್ತಿರುವ ಡಿಪಿ/216/1 ಎಂಬ ಅಕ್ಷರ ಮತ್ತು ಅಂಕಿಗಳನ್ನು.